ಅಪ್ಪನ ಅಳತೆ ತಗೊಂಡದ್ದು ಹೀಗೆ

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನಮ್ಮ ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನ ಕ್ರೈಸ್ತ ಸಮುದಾಯದಲ್ಲಿ, ಯಾರಾದರೂ ತೀರಿಕೊಂಡರೆ ಮಣ್ಣಿಗೆ ಒಯ್ಯುವ ಮೊದಲು ದೇವಾಲಯದಲ್ಲಿ ಅವರ ಜೀವನ ಚರಿತ್ರೆ ಓದುವ ರೂಢಿ ಇದೆ. ಒಂದು ಪುಟ, ಜಾಸ್ತಿ ಅಂದರೆ ಒಂದೂವರೆ. 2022ರಲ್ಲಿ ಅಪ್ಪ ಹೋದಾಗ ಆ ಕೆಲಸ ನನ್ನ ಪಾಲಿಗೆ ಬಂತು. ತಮ್ಮ ಇನ್ನೂ ಅಮೆರಿಕದಿಂದ ಹೊರಟಿರಲಿಲ್ಲ. ಅವ್ವ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮನೆ ತುಂಬ ಜನ, ಕೈಯಲ್ಲಿ ಮುಕ್ಕಾಲು ಗಂಟೆ. ಎರಡು ತಿಂಗಳ ಹಿಂದೆ ನಮ್ಮ ಓಣಿಯ ಒಬ್ಬ ಮಾಸ್ತರರು ತೀರಿಕೊಂಡಾಗ ಇಂಥದೇ ಪುಟ ಟೈಪ್ ಮಾಡಿಕೊಟ್ಟಿದ್ದೆ. ಅದು ಫೋನಿನಲ್ಲೇ ಇತ್ತು. ತೆಗೆದೆ. ಹೆಸರು ತಿದ್ದಿದೆ, ಊರು ತಿದ್ದಿದೆ, ಇಸವಿ ತಿದ್ದಿದೆ. ‘ಪ್ರೀತಿಯ ತಂದೆ, ಪ್ರಾಮಾಣಿಕ ನೌಕರ, ನಿಷ್ಠಾವಂತ ಸಭಾ ಹಿರಿಯ’ ಅನ್ನುವುದನ್ನು ತಿದ್ದುವ ಅಗತ್ಯವೇ ಬೀಳಲಿಲ್ಲ.

ಓದುವಾಗ ಕೊನೆಯ ಹತ್ತಿರ ಒಂದು ಸಾಲು ಬಂತು. ‘ಅವರ ಕೈಯಲ್ಲಿ ಕಲಿತ ವಿದ್ಯಾರ್ಥಿಗಳು ಇವತ್ತಿಗೂ ಅವರನ್ನು ನೆನೆಯುತ್ತಾರೆ.’ ಅದನ್ನೂ ಓದಿಬಿಟ್ಟೆ. ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡರು.

ಅಪ್ಪ ಜೀವನದಲ್ಲಿ ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಸರ್ವೇ ಇಲಾಖೆಯಲ್ಲಿ ಜಮೀನು ಅಳೆಯುವ ಮೋಜಣಿದಾರರಾಗಿದ್ದರು.

ಅದನ್ನು ಹಿಡಿದವನು ಒಬ್ಬನೇ. ಸ್ಮಶಾನದಿಂದ ವಾಪಸ್ ಬರುವಾಗ ಗೇಟಿನ ಹತ್ತಿರ ಒಬ್ಬ ಮುದುಕ ನಿಂತಿದ್ದ. ಅಪ್ಪನ ಜೊತೆ ಇಪ್ಪತ್ತೆರಡು ವರ್ಷ ಅಳತೆಯ ಸರಪಳಿ ಹಿಡಿದವನು. ಕೈಮುಗಿದು, ಭಾಳ ಮೆತ್ತಗೆ ಕೇಳಿದ: “ಅಕ್ಕಾರ, ಸಾಹೇಬ್ರು ಸಾಲ್ಯಾಗ ಯಾವಾಗ ಕಲಸ್ಯಾರ್ರೀ?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇರೆಯವರ ಪುಟಕ್ಕೆ ಅಪ್ಪನ ಹೆಸರು ಹಚ್ಚಿ ಓದಿದ್ದೆ. ಮೂವತ್ತೇಳು ವರ್ಷ ಒಂದು ಹೊಲದ ಅಳತೆಯನ್ನು ಇನ್ನೊಂದು ಹೊಲಕ್ಕೆ ಬರೆಯದಿದ್ದ ಮನುಷ್ಯನಿಗೆ!

ವರ್ಷದ ಪ್ರಾರ್ಥನೆಯ ಹೊತ್ತಿಗೆ ಸರಿಯಾದದ್ದೊಂದು ಬರೆದು ಅಚ್ಚು ಹಾಕಿಸುತ್ತೇನೆ ಅಂತ ತೀರ್ಮಾನ ಮಾಡಿದೆ. ಹನ್ನೊಂದು ತಿಂಗಳು ಹಿಡಿಯಿತು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಲೇಖಕಿ ಅಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಬರೆಯುವ ಪ್ರಸಂಗ ಬಂದರೆ ನಾನು ಎಲ್ಲೆಲ್ಲಿ ಎಡವಿದೆ, ಏನು ಕೈಹಿಡಿಯಿತು ಅನ್ನುವುದು ಉಪಯೋಗಕ್ಕೆ ಬರಬಹುದು ಅಂತ ಇದನ್ನು ಹೇಳುತ್ತಿದ್ದೇನೆ.

ಮೊದಲ ಒಂದು ತಿಂಗಳು ಏನೂ ಆಗಲಿಲ್ಲ. ಬರೆಯಲು ಕೂತರೆ ಮತ್ತೆ ಅದೇ ಪ್ರೀತಿಯ, ಪ್ರಾಮಾಣಿಕ, ನಿಷ್ಠಾವಂತ. ಆಮೇಲೆ ಅಪ್ಪನ ಟ್ರಂಕ್ ತೆಗೆದೆ. ಸರ್ಕಾರಿ ಕಾಗದ ಒಂದೂ ಇರಲಿಲ್ಲ, ಎಲ್ಲ ಆಫೀಸಿಗೆ ಒಪ್ಪಿಸಿ ಬಂದಿದ್ದರು. ಇದ್ದದ್ದು ಪಾಕೆಟ್ ಡೈರಿಗಳು, ಪಿಂಚಣಿ ಕಾಗದ, ಮತ್ತು 1966ರಲ್ಲಿ ಕೆಲಸಕ್ಕೆ ಸೇರಿದಾಗ ತರಬೇತಿಯಲ್ಲಿ ಬಳಸಿದ ಒಂದು ಫೀಲ್ಡ್ ಬುಕ್, ಅಂದರೆ ಹೊಲದಲ್ಲಿ ಅಳತೆ ಬರೆದುಕೊಳ್ಳುವ ಪುಸ್ತಕ.

ಆ ಪುಸ್ತಕವನ್ನು ನಾನು ಮೊದಲು ತಲೆಕೆಳಗಾಗಿ ಓದಿದೆ. ಅಂಕಿಗಳು ಮೇಲಿನಿಂದ ಕೆಳಕ್ಕೆ ಕಡಿಮೆಯಾಗುತ್ತ ಹೋಗುತ್ತಿದ್ದವು. ಅರ್ಥವಾಗಲಿಲ್ಲ. ಆಮೇಲೆ ಆ ಸರಪಳಿಯ ಮುದುಕನೇ ಹೇಳಿಕೊಟ್ಟ. ಫೀಲ್ಡ್ ಬುಕ್ಕನ್ನು ಪುಟದ ಬುಡದಿಂದ ಮೇಲಕ್ಕೆ ಬರೆಯುತ್ತಾರೆ. ಮೋಜಣಿದಾರ ಮುಂದೆ ನೋಡುತ್ತ ನಡೆಯುತ್ತಾನಲ್ವಾ, ಅವನ ಎಡಕ್ಕೆ ಇರುವ ಮರ ಪುಟದಲ್ಲೂ ಎಡಕ್ಕೇ ಬರಬೇಕು, ಬಲದ ಬಾವಿ ಬಲಕ್ಕೇ ಬರಬೇಕು. ಅದಕ್ಕೇ ಹಾಗೆ. ಪುಟದ ನಡುವೆ ಮುಖ್ಯ ಗೆರೆಯ ಅಳತೆ. ಆ ಗೆರೆಯಿಂದ ಲಂಬವಾಗಿ ಎಡಬಲಕ್ಕೆ ಅಳೆದದ್ದು ಆಫ್‌ಸೆಟ್. ಮೊದಲು ಒಂದು ನೇರ ಗೆರೆ ಹಿಡಿ, ಆಮೇಲೆ ಅಕ್ಕಪಕ್ಕದಲ್ಲಿ ಏನೇನಿದೆ ಎಷ್ಟೆಷ್ಟು ದೂರ ಇದೆ ಬರೆ, ಇಷ್ಟೇ ಕೆಲಸ. ಪುಸ್ತಕದ ಮೊದಲ ಹಾಳೆಯಲ್ಲಿ ಅಪ್ಪ ಕೆಂಪು ಮಸಿಯಲ್ಲಿ ಬರೆದುಕೊಂಡಿದ್ದರು: ‘ಅಳೆದದ್ದು ಮಾತ್ರ ಬರೆಯುವುದು. ಅಂದಾಜು ಬರೆಯಬಾರದು.’ ಮೇಷ್ಟ್ರು ಹೇಳಿದ್ದಿರಬೇಕು.

ನನಗೆ ದಾರಿ ಸಿಕ್ಕಿದ್ದು ಅಲ್ಲಿ. ಅಪ್ಪ ಎಂಥವರು ಅಂತ ಬರೆಯುವುದನ್ನು ಬಿಟ್ಟೆ. ಮೊದಲು ಗೆರೆ ಹಾಕೋಣ ಅಂದುಕೊಂಡೆ.

ಗೆರೆ ಅಂದರೆ ಇಸವಿಗಳು. ಹುಟ್ಟಿದ್ದು, ದೀಕ್ಷಾಸ್ನಾನ, ಕೆಲಸಕ್ಕೆ ಸೇರಿದ್ದು, ಮದುವೆ, ಯಾವ ವರ್ಷ ಯಾವ ತಾಲ್ಲೂಕು, ನಿವೃತ್ತಿ. ಸುಲಭ ಅನಿಸುತ್ತದೆ, ಅಲ್ಲ. ಮೊದಲ ಹೆಜ್ಜೆಯಲ್ಲೇ ಗೆರೆ ಸೊಟ್ಟಾಯಿತು. ಶಾಲೆಯ ದಾಖಲೆ, ಪಿಂಚಣಿ ಕಾಗದ ಎರಡರಲ್ಲೂ ಹುಟ್ಟಿದ ದಿನ 1945ರ ಜೂನ್ 1. ಸಭೆಯ ಹಳೆಯ ನೋಂದಣಿ ಪುಸ್ತಕದಲ್ಲಿ 1944ರ ನವೆಂಬರ್. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಸುಮ್ನೆ ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಿಮ್ಮ ಮನೆಯ ಹಿರಿಯರ ದಾಖಲೆ ನೋಡಿ, ಅರ್ಧ ಜನರ ಹುಟ್ಟುಹಬ್ಬ ಅವತ್ತೇ ಇರುತ್ತದೆ. ಅದರ ಲೆಕ್ಕದಲ್ಲೇ ಅಪ್ಪ 58 ತುಂಬಿ 2003ರ ಮೇ ಕೊನೆಗೆ ನಿವೃತ್ತರಾದದ್ದು. ಇದನ್ನು ತಮ್ಮನಿಗೆ ಹೇಳಿದಾಗ ಅವನು ಫೋನಿನಲ್ಲೇ ಜೋರಾಗಿ ನಕ್ಕ. ಅಪ್ಪ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು. “ಊರ ಮಂದಿಯ ಒತ್ತುವರಿ ಹಿಡಿದವರು ತಾವೇ ಸರ್ಕಾರದ ಏಳು ತಿಂಗಳು ಒತ್ತುವರಿ ಮಾಡ್ಯಾರಲ್ಲೇ ಅಕ್ಕಾ!”

ಎರಡು ದಾಖಲೆ ಎರಡು ಮಾತು ಹೇಳಿದರೆ ಎರಡನ್ನೂ ಬರೆಯಿರಿ. ಒಂದನ್ನು ಮುಚ್ಚಿಟ್ಟು ನೀಟು ಮಾಡಲು ಹೋಗಬೇಡಿ. ನಾನು ಹಾಗೇ ಮಾಡಿದೆ.

ನಮ್ಮಂಥವರ ಮನೆಯಲ್ಲಿ ಸರ್ಕಾರಿ ದಾಖಲೆಗಿಂತ ಸಭೆಯ ಪುಸ್ತಕ ಹೆಚ್ಚು ಕೆಲಸಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಕಾಲಿಟ್ಟರು. ನಮ್ಮ ಮುತ್ತಜ್ಜ ಬೆಟಗೇರಿಯ ಮಗ್ಗದ ಮನೆಯವರು. ದೀಕ್ಷಾಸ್ನಾನ, ಮದುವೆ, ಮಣ್ಣು ಮೂರನ್ನೂ ಬರೆದಿಡುವ ಶಿಸ್ತು ಆ ಕಾಲದಿಂದ ಬಂದದ್ದು. ಪಾಸ್ಟರ್ ಹತ್ತಿರ ಮೊದಲೇ ಕೇಳಿಕೊಂಡು, ಒಂದು ಶನಿವಾರ ಮಧ್ಯಾಹ್ನ ಪೂರ್ತಿ ವೆಸ್ಟ್ರಿಯಲ್ಲಿ, ಅಂದರೆ ದೇವಾಲಯದ ಕೋಣೆಯಲ್ಲಿ ಕೂತೆ. ಹಾಳೆ ಪುಡಿಪುಡಿ. ಫೋಟೋ ತೆಗೆದುಕೊಂಡೆ, ಬೆರಳು ಹಚ್ಚಲಿಲ್ಲ. ಬಾಸೆಲ್ಲಿನಲ್ಲಿರುವ ಮಿಷನ್ನಿನ ಸಂಗ್ರಹದ ಹಳೆಯ ಫೋಟೋಗಳು ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ. ಅದರಲ್ಲಿ ಮುತ್ತಜ್ಜನ ಮುಖ ಹುಡುಕುತ್ತ ನಾಲ್ಕು ರಾತ್ರಿ ಕಳೆದೆ. ಸಿಗಲಿಲ್ಲ. ಅಪ್ಪನನ್ನು ಬಿಟ್ಟು ಮುತ್ತಜ್ಜನ ಹಿಂದೆ ಹೋದದ್ದು ನನ್ನದೇ ಹುಚ್ಚು. ಈ ಕೆಲಸದಲ್ಲಿ ಹಾಗೆ ದಾರಿ ತಪ್ಪುವುದು ಭಾಳ ಸಸಾರ.

ಇನ್ನೊಂದು ತೊಡಕು. ಅಪ್ಪ ಕೆಲಸ ಮಾಡಿದ್ದು ಹಳೆಯ ಧಾರವಾಡ ಜಿಲ್ಲೆಯಲ್ಲಿ. 1997ರಲ್ಲಿ ಅದರಿಂದ ಗದಗ, ಹಾವೇರಿ ಬೇರೆಯಾದವು. ಡೈರಿಯಲ್ಲಿ ‘ಧಾರವಾಡ ಜಿಲ್ಲೆ’ ಅಂತಿದ್ದ ಎಷ್ಟೋ ಊರು ಈಗ ಬೇರೆ ಜಿಲ್ಲೆಯಲ್ಲಿವೆ. ಒಂದೇ ಹೆಸರಿನ ಊರುಗಳೂ ಇವೆ. ನಾನು ಒಂದು ಭಾನುವಾರ ಬಸ್ಸು ಹತ್ತಿ ತಪ್ಪು ಊರಿಗೇ ಹೋಗಿ ಬಂದೆ. ಚಹಾ ಚಲೋ ಇತ್ತು.

ಇನ್ನು ಕಾರ್ಡುಗಳು.

ಅಪ್ಪ ತಿಂಗಳಲ್ಲಿ ಇಪ್ಪತ್ತು ದಿನ ಕ್ಯಾಂಪಿನಲ್ಲೇ ಇರುತ್ತಿದ್ದರು. ಹಳ್ಳಿಯ ಚಾವಡಿಯಲ್ಲೋ ಶಾಲೆಯ ಕೋಣೆಯಲ್ಲೋ ಮಲಗುವುದು. ಅಲ್ಲಿಂದ ವಾರಕ್ಕೊಂದು ಕಾರ್ಡು, ಹದಿನೈದು ಪೈಸೆಯದು. ಅವ್ವ ಅವನ್ನೆಲ್ಲ ಅಡುಗೆ ಮನೆಯ ಬಾಗಿಲ ಹಿಂದಿನ ತಂತಿಗೆ ಚುಚ್ಚಿಡುತ್ತಿದ್ದಳು. ಕರೆಂಟ್ ಬಿಲ್ಲು, ಕಿರಾಣಿ ಚೀಟಿ, ಅಪ್ಪನ ಕಾರ್ಡು ಎಲ್ಲ ಒಂದೇ ತಂತಿಗೆ. ಎಣಿಸಿದರೆ 214 ಇದ್ದವು. ಪ್ರತಿ ಕಾರ್ಡಿನ ನಡುವೆಯೂ ಒಂದು ತೂತು. ಆ ತೂತಿನ ಜಾಗದಲ್ಲಿದ್ದ ಅಕ್ಷರ ಹೋಗಿದೆ.

ಬರವಣಿಗೆ ನಾಲ್ಕೇ ಸಾಲು. ‘ಎಲ್ಲರೂ ಕ್ಷೇಮ ಅಂತ ನಂಬಿದ್ದೇನೆ. ಇಲ್ಲಿ ಮಳೆ ಇಲ್ಲ. ಮಗಳ ಕೆಮ್ಮು ಹೇಗಿದೆ. ಬುಧವಾರ ಬರುತ್ತೇನೆ.’ ಪ್ರೀತಿ ಗೀತಿ ಅನ್ನುವ ಮಾತೇ ಇಲ್ಲ. ಆದರೆ ಉಳಿದ ಜಾಗದಲ್ಲಿ ಒಂದು ನಕಾಶೆ. ತಾವು ಇವತ್ತು ಮಲಗಿದ ಜಾಗ ಯಾವುದು, ಬಾಗಿಲು ಯಾವ ಕಡೆ, ಬಾವಿ ಎಲ್ಲಿ, ಬೇವಿನ ಮರ ಎಲ್ಲಿ. ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ. ನಮ್ಮ ಊರು ಯಾವ ಕಡೆ ಅಂತ ತೋರಿಸಲು ಇನ್ನೊಂದು ಸಣ್ಣ ಬಾಣ, ಅದರ ತುದಿಗೆ ‘ನೀವು’ ಅಂತ ಬರೆದಿರುತ್ತಿದ್ದರು.

ಚಿಕ್ಕವಳಿದ್ದಾಗ ನಾನೂ ತಮ್ಮನೂ ಆ ಕಾರ್ಡನ್ನು ನೆಲಕ್ಕೆ ಇಟ್ಟು, ಸೂರ್ಯ ಹುಟ್ಟುವ ದಿಕ್ಕು ನೋಡಿ ತಿರುಗಿಸಿ, ಅಪ್ಪ ಇವತ್ತು ಯಾವ ಕಡೆ ತಲೆ ಹಾಕಿ ಮಲಗಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದೆವು. ಇದನ್ನು ನಾನು ಪೂರ್ತಿ ಮರೆತಿದ್ದೆ. ನಲವತ್ತು ವರ್ಷದ ಮೇಲೆ ಕಾರ್ಡು ಕೈಗೆ ಬಂದಾಗ, ಯೋಚನೆ ಮಾಡುವ ಮೊದಲೇ ಕೈ ಅದನ್ನು ತಿರುಗಿಸಿತು.

ನನ್ನ ದೃಢೀಕರಣದ, ಅಂದರೆ ಸಭೆಯ ಪೂರ್ಣ ಸದಸ್ಯಳಾಗುವ ವಿಧಿಯ ಭಾನುವಾರ ಅಪ್ಪ ಬರಲಿಲ್ಲ. ಕ್ಯಾಂಪು. ಬಿಳಿ ಸೀರೆ ಉಟ್ಟು ನಿಂತು, ಬಾಗಿಲ ಕಡೆ ನೋಡಿ ನೋಡಿ ಸಾಕಾಗಿತ್ತು. ಆ ಸಿಟ್ಟು ನನ್ನಲ್ಲಿ ಎಷ್ಟೋ ವರ್ಷ ಇತ್ತು. ಆ ವಾರದ ಕಾರ್ಡು ತಂತಿಯಲ್ಲಿ ಸಿಕ್ಕಿತು. ಬರಲಾಗದ್ದಕ್ಕೆ ಒಂದು ಕಾರಣವೂ ಬರೆದಿಲ್ಲ. ನಕಾಶೆಯಲ್ಲಿ ಮಾತ್ರ ‘ನೀವು’ ಅನ್ನುವ ಬಾಣ ಎಂದಿಗಿಂತ ದಪ್ಪಗಿತ್ತು, ಎರಡು ಮೂರು ಸಲ ತಿದ್ದಿ ಎಳೆದ ಹಾಗೆ. ಸಿಟ್ಟು ಹೋಯಿತು ಅಂತ ಹೇಳಲಾರೆ. ಪುಸ್ತಕದಲ್ಲಿ ಎರಡನ್ನೂ ಹಾಕಿದೆ, ಬರಲಿಲ್ಲ ಅನ್ನುವುದನ್ನೂ ಬಾಣವನ್ನೂ.

ಕಾರ್ಡುಗಳ ಫೋಟೋ ತೆಗೆಯುವುದರ ಬಗ್ಗೆ ಒಂದು ಮಾತು. ಸ್ಕ್ಯಾನರ್ ಬೇಕಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿಯ ಪಕ್ಕ, ಫ್ಲ್ಯಾಶ್ ಹಾಕದೆ, ಫೋನನ್ನು ಕಾರ್ಡಿನ ಮೇಲೆ ಸಮ ಹಿಡಿದು ತೆಗೆದರೆ ಸಾಕು. ಎರಡೂ ಬದಿ ತೆಗೆಯಿರಿ. ಅಂಚೆಯ ಮುದ್ರೆಯಲ್ಲೇ ತಾರೀಖು ಇರುವುದು. ಫೋಟೋದ ಹೆಸರನ್ನು ಇಸವಿ, ತಿಂಗಳು, ದಿನ ಈ ಕ್ರಮದಲ್ಲಿ ಇಟ್ಟರೆ ತಾವಾಗಿಯೇ ಸಾಲಾಗಿ ಕೂರುತ್ತವೆ. ಇದನ್ನು ನಾನು ನೂರಾ ಇಪ್ಪತ್ತು ಕಾರ್ಡು ತೆಗೆದ ಮೇಲೆ ಕಲಿತೆ. ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಗೆರೆ ಆಯಿತು. ಇನ್ನು ಆಫ್‌ಸೆಟ್, ಅಂದರೆ ಬೇರೆಯವರು ಹೇಳಬೇಕಾದದ್ದು.

ಹನ್ನೆರಡು ಜನರ ಹತ್ತಿರ ಹೋದೆ. ಮೊದಲ ಮೂವರ ರೆಕಾರ್ಡಿಂಗ್ ದಂಡ. “ನಮ್ಮ ಅಪ್ಪ ಹೇಗಿದ್ದರು?” ಅಂತ ಕೇಳಿದೆ. “ದೇವರಂಥಾ ಮನಶ್ಯಾ” ಅಂದರು, ಮೂವರೂ. ಸತ್ತವರ ಮಗಳ ಮುಂದೆ ಇನ್ನೇನು ಹೇಳುತ್ತಾರೆ? ನಾಲ್ಕನೆಯವರಿಂದ ಪ್ರಶ್ನೆ ಬದಲಾಯಿಸಿದೆ. ನಿಮ್ಮ ಮನೆಗೆ ಬಂದರೆ ಎಲ್ಲಿ ಕೂರುತ್ತಿದ್ದರು? ಏನು ತಿನ್ನುತ್ತಿದ್ದರು? ನಿಮಗೆ ಯಾವಾಗಾದರೂ ಅವರ ಮೇಲೆ ಸಿಟ್ಟು ಬಂದಿತ್ತಾ? ಕೊನೆಯ ಪ್ರಶ್ನೆಗೆ ಎಲ್ಲರೂ ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ಸರಪಳಿಯ ಮುದುಕನ ಹತ್ತಿರ ನಾಲ್ಕು ಸಲ ಹೋದೆ. ಅವನಿಗೆ ಓದಲು ಬರುವುದಿಲ್ಲ. ಆದರೆ ಯಾವ ಸರ್ವೇ ನಂಬರಿನ ಗಡಿಯ ಬಾಂದುಕಲ್ಲು ಯಾವ ಬನ್ನಿ ಮರದ ಬುಡದಲ್ಲಿದೆ ಅಂತ ಇವತ್ತಿಗೂ ಹೇಳುತ್ತಾನೆ. ನಮ್ಮ ಕಡೆಯ ಸರ್ವೇ ಸರಪಳಿ 33 ಅಡಿ. ಅದನ್ನು ಹದಿನಾರು ಆಣೆ ಅಂತ ಲೆಕ್ಕ, ಆಗಿನ ರೂಪಾಯಿಯ ಹಾಗೆ. ಒಂದು ಆಣೆ ಅಂದರೆ ಎರಡು ಅಡಿಯ ಮೇಲೆ ಮುಕ್ಕಾಲು ಇಂಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಜಾಗ ಒಂದು ಗುಂಟೆ, 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ನಮಗೆ ಮಗ್ಗಿಗಿಂತ ಮೊದಲು ಬಾಯಿಪಾಠ ಆದದ್ದು ಇದು.

ಅವನು ಹೇಳಿದ್ದರಲ್ಲಿ ನನಗೆ ಹೊಸದಾದದ್ದು ಒಂದಿತ್ತು. ಸರಪಳಿ ಬಳಸಿ ಬಳಸಿ ಉದ್ದವಾಗುತ್ತದಂತೆ. ಕೊಂಡಿಗಳು ಸವೆದು ಬಾಯಿ ಬಿಡುತ್ತವೆ. ಕೊಂಡಿ ಬಾಗಿದರೆ, ಮಣ್ಣು ಮೆತ್ತಿದರೆ ಗಿಡ್ಡವಾಗುತ್ತದೆ. ಸರಪಳಿ ಉದ್ದವಾದರೆ ಹೊಲ ಕಾಗದದ ಮೇಲೆ ಸಣ್ಣದಾಗುತ್ತದೆ, ರೈತನಿಗೆ ಲುಕ್ಸಾನು. ಅದಕ್ಕೇ ಕೆಲಸ ಶುರುಮಾಡುವ ಮುಂಚೆ ಅದನ್ನು ತಾಳೆ ನೋಡಬೇಕು. ನಮ್ಮ ಮನೆಯ ಬಾವಿಕಟ್ಟೆಯಿಂದ ಗೇಟಿನ ಕಡೆಗೆ ಎರಡು ಕಲ್ಲು ಹುಗಿದಿದ್ದವು, ಒಂದೊಂದರ ಮೇಲೆ ಒಂದು ಮೊಳೆ. ನಾವು ಕುಂಟೆಬಿಲ್ಲೆ ಆಡಲು ಬಳಸುತ್ತಿದ್ದ ಕಲ್ಲುಗಳು. ಅವುಗಳ ನಡುವೆ ಸರಿಯಾಗಿ 33 ಅಡಿ ಅಂತ ನನಗೆ ಗೊತ್ತಾದದ್ದು ಈಗ. “ಸಾಹೇಬ್ರು ಮನ್ಯಾಗಿಂದ ಹೊಂಡೂ ಮುಂದ ಸರಪಳಿ ಹಾಸಿ ನೋಡೇ ಹೊಂಡವ್ರು. ಮಂದಿ ಸುಳ್ಳ ಹೇಳಿದ್ರ ನಡೀತೈತಿ, ಸರಪಳಿ ಹೇಳಬಾರ್ದು ಅಂತಿದ್ರು.”

1974ರ ಕಥೆಯನ್ನೂ ಹೇಳಿದವನು ಅವನೇ. ಆ ವರ್ಷ ಮಾರ್ಚ್ 1ರಿಂದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸು ಮುಖ್ಯಮಂತ್ರಿ. ಗೇಣಿ ಮಾಡುತ್ತಿದ್ದವರು, ನಮ್ಮ ಕಡೆಯ ಮಾತಿನಲ್ಲಿ ಲಾವಣಿ ಮಾಡುತ್ತಿದ್ದವರು, ಉಳುವ ಹೊಲ ತಮ್ಮ ಹೆಸರಿಗಾಗಲಿ ಅಂತ 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಗಳು ಕೂತವು. ಆದರೆ ಸರ್ವೇ ನಂಬರಿನ ಒಂದು ಮೂಲೆಯನ್ನಷ್ಟೇ ಉಳುತ್ತಿದ್ದವನಿಗೆ ಎಷ್ಟು, ಉಳಿದದ್ದು ಎಷ್ಟು? ಅದನ್ನು ಅಳೆದು ತೋರಿಸಬೇಕಾದವನು ಮೋಜಣಿದಾರ. ಹೊಲದ ಒಂದು ಬದಿಗೆ ಒಡೆಯ, ಇನ್ನೊಂದು ಬದಿಗೆ ಗೇಣಿಯವನು, ನಡುವೆ ಅಪ್ಪನೂ ಇವನೂ. ಒಂದು ಹಳ್ಳಿಯಲ್ಲಿ ಇವರಿಗೆ ಕುಡಿಯಲು ನೀರು ಕೂಡ ಕೊಡಲಿಲ್ಲವಂತೆ. ಮರುದಿನದಿಂದ ಅಪ್ಪ ಒಂದು ತಂಬಿಗೆ ನೀರು, ಬುತ್ತಿ ಮನೆಯಿಂದಲೇ ಒಯ್ಯತೊಡಗಿದರು. ಮೋಜಣಿಗೆ ಹೋದ ಊರಲ್ಲಿ ಯಾರ ಮನೆಯ ಊಟವನ್ನೂ ಮಾಡದ ಅವರ ಹಟ ಅಲ್ಲಿಂದ ಬಂದದ್ದು. ನಾವು ಅದನ್ನು ದೊಡ್ಡ ತತ್ವ ಅಂದುಕೊಂಡಿದ್ದೆವು. ಶುರುವಾದದ್ದು ಬಾಯಾರಿಕೆಯಿಂದ.

ಇನ್ನು ಸಭೆಯ ಮಾತು. ತಮ್ಮ ಅಮೆರಿಕದಲ್ಲಿ ತನ್ನ ಸ್ನೇಹಿತರಿಗೆ ಅಪ್ಪನ ಸುದ್ದಿ ಕಳಿಸುವಾಗ ‘ಡೀಕನ್ ಆಗಿದ್ದರು’ ಅಂತ ಬರೆದಿದ್ದ. ನಾನು ಜಗಳ ತೆಗೆದೆ. ನಮ್ಮ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಡೀಕನ್ ಅಂದರೆ ಸಭಾಪಾಲಕರಾಗುವ ಮೊದಲು ಅಭಿಷೇಕ ಪಡೆದ ಮೆಟ್ಟಿಲು. ಅಪ್ಪ ಅದಲ್ಲ, ಜನ ಆರಿಸಿದ ಹಿರಿಯರು. ತಮ್ಮ ಹೇಳಿದ, “ಇಲ್ಲಿ ಬ್ಯಾಪ್ಟಿಸ್ಟ್ ಸಭ್ಯಾಗ ಅಪ್ಪ ಮಾಡಿದ ಕೆಲಸಕ್ಕ ಡೀಕನ್ ಅಂತನಽ ಅಂತಾರ. ಹೆಸರ ಯಾವುದಾದ್ರೇನು?” ಅವನ ಮಾತಲ್ಲಿ ಅರ್ಥ ಇತ್ತು. ಸತ್ಯವೇದದಲ್ಲಿ ‘ಸಭಾಸೇವಕ’ ಅಂತಿದೆ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ನೋಡಿದರೆ, ವಿಧವೆಯರಿಗೆ ದಿನದ ಊಟ ಸರಿಯಾಗಿ ಹಂಚಿಕೆ ಆಗುತ್ತಿಲ್ಲ ಅಂತ ಗೊಣಗಾಟ ಎದ್ದಾಗ ಏಳು ಜನರನ್ನು ಆರಿಸಿದ್ದು. ಅಂದರೆ ಮೊದಲಿಂದಲೂ ಅದು ಹಂಚಿಕೆಯ ಕೆಲಸ, ಅಳತೆಯ ಕೆಲಸ. ಪುಸ್ತಕದಲ್ಲಿ ‘ಸಭಾ ಹಿರಿಯರು’ ಅಂತಲೇ ಬರೆದು, ಮೊಮ್ಮಕ್ಕಳಿಗೆ ತಿಳಿಯಲಿ ಅಂತ ಇಷ್ಟನ್ನೂ ಸೇರಿಸಿದೆ.

ಅಪ್ಪ ಪ್ರಾರ್ಥನೆ ಮಾಡಿದರೆ ಎರಡೇ ನಿಮಿಷ. ಪ್ರಸಂಗ, ಅಂದರೆ ಉಪದೇಶ, ಅವರ ಕೈಲಿ ಆಗುತ್ತಿರಲಿಲ್ಲ. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುವುದು, ಚಿಲ್ಲರೆಯನ್ನು ಹತ್ತತ್ತಾಗಿ ಗೋಪುರ ಮಾಡುವುದು, ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಕೋಳಿ, ಜೋಳದ ಚೀಲ ಹರಾಜು ಕೂಗುವುದು, ಕಾಯಿಲೆ ಬಿದ್ದವರ ಮನೆಗೆ ಹೋಗಿ ಏನೂ ಮಾತಾಡದೆ ಅರ್ಧ ಗಂಟೆ ಕೂತು ಬರುವುದು, ಇವೆಲ್ಲ ಅವರ ಬಾಬತ್ತು. ಕೂಗಿದ್ದೇ ಅಪರೂಪದ ಮನುಷ್ಯ, ಹರಾಜಿನ ದಿನ ಮಾತ್ರ ದನಿ ಎಲ್ಲಿಂದ ಬರುತ್ತಿತ್ತೋ! ಒಂದು ಹಲಸಿನ ಹಣ್ಣನ್ನು ಒಮ್ಮೆ ಮೂರು ಸಲ ಹರಾಜು ಹಾಕಿದ್ದರು. ತಗೊಂಡವರೆಲ್ಲ ತಿರುಗಿ ಸಭೆಗೇ ಕೊಡುವ ಹಾಗೆ ಮಾಡಿ.

ಅವರು ಮಾಡಿದ ದೊಡ್ಡ ಕೆಲಸ ಸ್ಮಶಾನದ ನಕಾಶೆ. ಕಲ್ಲು ಹಾಕಿಸಲು ದುಡ್ಡಿಲ್ಲದವರ ಗೋರಿ ನಾಲ್ಕು ಮಳೆಗಾಲಕ್ಕೆ ನೆಲ ಸಮ ಆಗಿಬಿಡುತ್ತದೆ. ಆಮೇಲೆ ಯಾರು ಎಲ್ಲಿದ್ದಾರೆ ಗೊತ್ತಾಗುವುದಿಲ್ಲ. ನಿವೃತ್ತಿಯಾದ ಮೇಲೆ ಎರಡು ಬೇಸಿಗೆ ಅಪ್ಪ ಅಲ್ಲೇ ಕಳೆದರು. ಮಣ್ಣಿನ ಪುಸ್ತಕ, ಹಳಬರ ನೆನಪು, ತಮ್ಮ ಟೇಪು. ಸಾಲು, ಸಾಲಿನೊಳಗಿನ ನಂಬರು, ಹೆಸರು. ಗುರುತು ಸಿಗದ ಕಡೆ ಹೆಸರು ಬರೆಯದೆ ಖಾಲಿ ಚೌಕ ಬಿಟ್ಟಿದ್ದಾರೆ. ಅಂಥವು ಮೂವತ್ತೊಂದು. ಈಗಲೂ ಕ್ರಿಸ್ಮಸ್ ಹತ್ತಿರ ಬಂದಾಗ ಗೋರಿಗೆ ಸುಣ್ಣ ಬಳಿಯಲು ಬರುವವರು ಆ ನಕಾಶೆ ಕೇಳಿಕೊಂಡು ಬರುತ್ತಾರೆ. ಅಪ್ಪನಿಗೆ ಜಾಗ ಹುಡುಕಿದ್ದೂ ಅದರಿಂದಲೇ.

ಈಗ ಬರೆಯಲೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದ ಸಂಗತಿ.

1988ರಲ್ಲಿ ದೇವಾಲಯದ ಕಂಪೌಂಡಿಗೆ ಬೇಲಿ ತೆಗೆದು ಗೋಡೆ ಕಟ್ಟುವುದು ಅಂತಾಯಿತು. ಅಪ್ಪ ಆಗ ಸಮಿತಿಯಲ್ಲಿದ್ದರು. ಗೆರೆ ಹಾಕಿಕೊಡಿ ಅಂದರು. ಒಂದು ಶನಿವಾರ ಅಳೆದರು. ಮೇಲಿನ ಬದಿಯ ಮುಳ್ಳುಬೇಲಿ ಪಕ್ಕದ ಜಾಗದೊಳಗೆ ಒಂದೂವರೆ ಆಣೆ ಸರಿದಿತ್ತು, ಅಂದರೆ ಮೂರು ಅಡಿಯ ಮೇಲೆ ಒಂದು ಇಂಚು. ಉದ್ದ ಆರು ಸರಪಳಿ. ಎಲ್ಲ ಸೇರಿ ಅರ್ಧ ಗುಂಟೆಗಿಂತ ಸ್ವಲ್ಪ ಜಾಸ್ತಿ. ಪಕ್ಕದ ಜಾಗ ಒಬ್ಬ ವಿಧವೆಯದು. ಆಕೆ ನಮ್ಮ ಸಭೆಯವಳಲ್ಲ. ಏನನ್ನೂ ಕೇಳಿಯೂ ಇರಲಿಲ್ಲ.

“ಅಕಿನಽ ಸುಮ್ಮನದಾಳ, ನೀವ್ಯಾಕ ಎಬ್ಬಸ್ತೀರಿ?” ಅಂದರು ಸಮಿತಿಯವರು. ಅಪ್ಪ ಸತ್ಯವೇದ ತೆಗೆದು ಧರ್ಮೋಪದೇಶಕಾಂಡದ ಹತ್ತೊಂಬತ್ತನೇ ಅಧ್ಯಾಯದ ಹದಿನಾಲ್ಕನೇ ವಚನ ಓದಿದರಂತೆ. ಹಿಂದಿನವರು ನೆಟ್ಟ ಗಡಿಯ ಗುರುತನ್ನು ಸರಿಸಬೇಡ ಅನ್ನುವ ಮಾತು. ನನ್ನ ಅಭಿಪ್ರಾಯ ಕೇಳಿದರೆ, ಅದನ್ನು ಓದಬಾರದಿತ್ತು. ನಕಾಶೆ ತೋರಿಸಿದ್ದರೆ ಸಾಕಿತ್ತು. ವಚನ ಓದಿದ ಮೇಲೆ ಎದುರಿಗಿದ್ದವರಿಗೆ ಅದು ಗಡಿಯ ಮಾತಾಗಿ ಉಳಿಯಲಿಲ್ಲ, ತಮ್ಮನ್ನು ಪಾಪಿಗಳು ಅಂದ ಹಾಗಾಯಿತು. ಗೋಡೆ ಬೇಲಿಯ ಮೇಲೇ ಎದ್ದಿತು. ಮುಂದಿನ ಚುನಾವಣೆಯಲ್ಲಿ ಅಪ್ಪನಿಗೆ ಓಟು ಬೀಳಲಿಲ್ಲ. ನಾಲ್ಕು ವರ್ಷ ಅವರು ಅದೇ ಬೆಂಚಿನಲ್ಲಿ ಕೂತು ಆರಾಧನೆ ಮುಗಿಸಿ, ಕಾಣಿಕೆ ಎಣಿಸುವ ಹೊತ್ತಿಗೆ ಎದ್ದು ಮನೆಗೆ ಬರುತ್ತಿದ್ದರು. ಆ ನಾಲ್ಕು ವರ್ಷ ನಮಗೆ ಭಾನುವಾರದ ಊಟ ಬೇಗ ಆಗುತ್ತಿತ್ತು. ಯಾಕೆ ಅಂತ ಆಗ ತಿಳಿದಿರಲಿಲ್ಲ.

1992ರ ಮಳೆಗೆ ಆ ಬದಿಯ ಗೋಡೆ ಬಿತ್ತು. ಹೊಸ ಸಮಿತಿ, ಹೊಸ ಪಾಸ್ಟರ್. ಈ ಸಲ ಅಪ್ಪನ ಗೆರೆಯ ಮೇಲೆ ಕಟ್ಟಿದರು. ಸಮಿತಿಯ ನಡಾವಳಿ ಪುಸ್ತಕದಲ್ಲಿ 1988ರ ಪುಟ ಹುಡುಕಿದೆ. ‘ಗಡಿ ವಿಷಯ ಚರ್ಚಿಸಲಾಯಿತು’ ಅಂತ ಮೂರೇ ಶಬ್ದ. 1992ರ ಅಪ್ಪನ ಡೈರಿಯಲ್ಲೂ ಅಷ್ಟೇ: ‘ಗೋಡೆ ಸರಿ ಆಯಿತು. ಮಳೆ ಚಲೋ.’

ಅವ್ವ ಬೇಡವೇ ಬೇಡ ಅಂದಳು. “ದೇವರ ಮನೀ ಮಾತು ಹೊರಗ ಹಾಕಬ್ಯಾಡವಾ. ಸತ್ತ ಮ್ಯಾಲೂ ಅವರಿಗೆ ಜಗಳ ಯಾಕ?” ತಮ್ಮ ಬರಿ ಅಂದ. ಕೊನೆಗೆ ನಾನು ಮಾಡಿದ್ದು ಇಷ್ಟು. ಯಾರ ಹೆಸರನ್ನೂ ಹಾಕದೆ ಎರಡು ಪುಟ ಬರೆದೆ. ಆಗಿನ ಸಮಿತಿಯಲ್ಲಿದ್ದವರಲ್ಲಿ ಒಬ್ಬರೇ ಈಗ ಇರುವುದು. ನಾವು ಕಾಕಾ ಅಂತ ಕರೆಯುವ, ಎಂಬತ್ತು ದಾಟಿದ ಹಿರಿಯರು. ಅಚ್ಚಿಗೆ ಕೊಡುವ ಮೊದಲು ಅವರ ಮನೆಗೆ ಹೋಗಿ ಆ ಎರಡು ಪುಟ ಓದಿದೆ. ನನ್ನ ಕೈ ನಡುಗುತ್ತಿತ್ತು. ಪೂರ್ತಿ ಕೇಳಿದರು. ಕಾಕೂ ಚಹಾ ತಂದಿಟ್ಟರು, ಅದು ಆರಿತು. ಆಮೇಲೆ ಕಾಕಾ ಅಂದರು: “ಒಂದೂವರಿ ಅಲ್ಲವಾ ಅದು. ಎರಡು ಆಣೆ ಇತ್ತು.”

ಡೈರಿಯಲ್ಲಿ ಒಂದೂವರೆ ಅಂತಿದೆ ಕಾಕಾ ಅಂದೆ. “ಇರಬಹುದು. ನನಗ ಎರಡಂತ ನೆನಪೈತಿ” ಅಂದರು. ಪುಸ್ತಕದಲ್ಲಿ ಡೈರಿಯ ಅಂಕಿಯನ್ನೇ ಇಟ್ಟು, ಕೆಳಗೆ ಒಬ್ಬ ಹಿರಿಯರ ನೆನಪಿನಲ್ಲಿ ಅದು ಎರಡು ಆಣೆ ಅಂತ ಸೇರಿಸಿದೆ. ಅದನ್ನು ಓದಿಸಿ ಕೇಳಿದ ಮೇಲೆ ಅವ್ವ ಬೇಡ ಅನ್ನಲಿಲ್ಲ.

ಅಚ್ಚಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಫೋನಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದೆ. ಡಿಟಿಪಿಯವರ ಹತ್ತಿರ ಇದ್ದದ್ದು ಹಳೆಯ ಪೇಜ್‌ಮೇಕರ್, ನುಡಿ ಅಕ್ಷರ. ಬದಲಾಯಿಸುವಾಗ ಅರ್ಕಾವೊತ್ತು, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ‘ಕರ್ತನ’ ಅನ್ನುವುದು ಏನೇನೋ ಆಗಿತ್ತು. ಪ್ರೂಫ್ ಮೂರು ಸಲ ನೋಡಿದೆ, ಒಮ್ಮೆ ಹಿಂದಿನಿಂದ ಮುಂದಕ್ಕೆ. 48 ಪುಟ, 60 ಪ್ರತಿ. ವರ್ಷದ ಪ್ರಾರ್ಥನೆಯ ದಿನ 17 ಹಂಚಿದೆ. ಉಳಿದದ್ದನ್ನು ನಿಧಾನಕ್ಕೆ ಕೊಡೋಣ ಅಂತ ಇಟ್ಟೆ.

ಮರುವಾರ ಸರಪಳಿಯ ಮುದುಕನಿಗೆ ಅವನ ಪ್ರತಿ ಕೊಡಲು ಹೋದೆ. ಅಕ್ಷರ ಅವನಿಗೆ ಬೇಕಿರಲಿಲ್ಲ. ಪುಟ ತಿರುವುತ್ತ ಕಾರ್ಡುಗಳ ನಕಾಶೆ ಇರುವಲ್ಲಿ ನಿಂತ. ಒಂದು ಕಾರ್ಡಿನ ಮಸಿ ಪೂರ್ತಿ ಮಾಸಿದ್ದರಿಂದ ಅದನ್ನು ನಾನೇ ಹೊಸದಾಗಿ ಗೀಚಿ ಹಾಕಿಸಿದ್ದೆ. ಚಾವಡಿ, ರಸ್ತೆ, ಬೇವಿನ ಮರ, ಬಾವಿ. ಅದರ ಮೇಲೆ ಬೆರಳಿಟ್ಟ.

“ಅಕ್ಕಾರ, ಬಾವಿ ಈ ಕಡಿಗಿಲ್ರೀ. ರಸ್ತೇದ ಎಡಕ್ಕ ಬರ್ತೈತಿ. ನಾನಽ ಸೇದೀನಲ್ಲ ನೀರು.”

ಮನೆಗೆ ಬಂದು ಮೂಲ ಕಾರ್ಡು ತೆಗೆದೆ. ಕಿಟಕಿಗೆ ಹಿಡಿದೆ. ಬಾವಿ ಇರಬೇಕಾದ ಜಾಗದಲ್ಲಿ ಅವ್ವನ ತಂತಿಯ ತೂತು. ಆ ಕಾರ್ಡಿನಲ್ಲಿ ‘ಬಾವಿ ಹತ್ತಿರವೇ ಇದೆ’ ಅಂತ ಅಪ್ಪ ಬರೆದಿದ್ದರು. ನಾನು ಬಲಕ್ಕೆ ಜಾಗ ಖಾಲಿ ಇದೆ ಅಂತ ಅಂದಾಜಿನ ಮೇಲೆ ಅಲ್ಲಿ ಹಾಕಿದ್ದೆ.

ಅವತ್ತು ರಾತ್ರಿ ಊಟ ಮುಗಿಸಿ, ಮನೆಯಲ್ಲಿದ್ದ 42 ಪ್ರತಿಗಳ 31ನೇ ಪುಟ ತೆಗೆದು, ಬಲಗಡೆಯ ಬಾವಿ ಹೊಡೆದುಹಾಕಿ, ಕೆಂಪು ಪೆನ್ನಿನಲ್ಲಿ ಎಡಕ್ಕೆ ಬರೆದೆ. ಆಗಲೇ ಹೋಗಿದ್ದ 17 ಮನೆಗಳಿಗೂ ಫೋನ್ ಮಾಡಿದೆ. ತಮ್ಮನಿಗೆ ಅಲ್ಲಿ ಬೆಳಗಾಗಿತ್ತು. ಪುಸ್ತಕ ತಗೋ, ಪೆನ್ನು ತಗೋ, ಬಾವಿ ರಸ್ತೆಯ ಎಡಕ್ಕೆ ಅಂದೆ. “ತಡಿ, ಉತ್ತರ ಯಾವ ಕಡೆ ನೋಡ್ತೀನಿ” ಅಂದ.